ಮುತ್ತಜ್ಜಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲವೇ?

ಪ್ರಶ್ನೆ: ನನ್ನ ತಾಯಿಯ ಅಜ್ಜಿಯ ಬದುಕನ್ನು ಕಾದಂಬರಿಯಾಗಿ ಬರೆಯುತ್ತಿದ್ದೇನೆ. ನಮ್ಮದು ತುಮಕೂರು ಕಡೆಯ ಬ್ರಾಹ್ಮಣ ಕುಟುಂಬ. ಮುತ್ತಜ್ಜಿ ಹುಟ್ಟಿದ್ದು ವಿಕಾರಿ ಸಂವತ್ಸರದ ಶ್ರಾವಣದಲ್ಲಂತೆ. ಲಗ್ನಪತ್ರಿಕೆ ಸಿಕ್ಕಿದೆ: ಪ್ಲವಂಗ ಸಂವತ್ಸರ, ವೈಶಾಖ ಶುದ್ಧ ದಶಮಿ. ‘ಎಂಟಕ್ಕೇ ಮದುವೆ’ ಎಂದು ಎಲ್ಲರೂ ಹೇಳುತ್ತಾರೆ. ಒಬ್ಬಳೇ ಮಗಳು; ಅವರೇ ನನ್ನ ಅಜ್ಜಿ, 1916ರಲ್ಲಿ ಹುಟ್ಟಿದವರು. ಕಾಳಯುಕ್ತಿ ಸಂವತ್ಸರದ ಕಾರ್ತಿಕದಲ್ಲಿ ಮುತ್ತಜ್ಜ ‘ಪ್ಲೇಗಿನಲ್ಲಿ’ ತೀರಿಕೊಂಡರು. 1934ರಲ್ಲಿ ಮುತ್ತಜ್ಜನ ಇಬ್ಬರು ಅಣ್ಣಂದಿರು ಭಾಗವಾದಾಗ ಒಟ್ಟು 24 ಎಕರೆಯಲ್ಲಿ ಮುತ್ತಜ್ಜಿಗೆ 2 ಎಕರೆ ಬಂತು. ಪತ್ರದ ಮೇಲೆ ಆಕೆಯ ಹೆಬ್ಬೆಟ್ಟಿದೆ. ‘ಪಾಪ, ಮುಗ್ಧೆ, ಏನೂ ಗೊತ್ತಾಗುತ್ತಿರಲಿಲ್ಲ, ತಾನಾಗಿಯೇ ಬಿಟ್ಟುಕೊಟ್ಟಳು’ ಎಂಬುದು ಆ ಕಡೆಯವರ ಮಾತು. ಮುತ್ತಜ್ಜಿ ಹೋಗಿದ್ದು 1971ರಲ್ಲಿ. ತಲೆ ತೆಗೆಸಿದ್ದರೋ ಇಲ್ಲವೋ ಎನ್ನುವುದರಲ್ಲೂ ಒಮ್ಮತವಿಲ್ಲ. 1940ರ ದಶಕದ ಒಂದು ಫೋಟೊ ಇದೆ, ತಲೆ ತುಂಬ ಸೆರಗು. ಆಗ ಬಾಲ್ಯವಿವಾಹ ಕಾನೂನಿಗೆ ವಿರುದ್ಧವಾಗಿತ್ತೇ? ಎಂಟನೇ ವಯಸ್ಸಿಗೇ ಸಂಸಾರ ಶುರುವಾಯಿತು ಎಂದು ಬರೆಯಬಹುದೇ? ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ತಿಳಿಯದಿರುವಾಗ ಬರೆಯುವುದು ಹೇಗೆ? ಆಕೆಯನ್ನು ಕಂಡವರಲ್ಲಿ ಉಳಿದಿರುವವರು 88 ವರ್ಷದ ದೊಡ್ಡಮ್ಮ ಒಬ್ಬರೇ. ಮನೆಯಲ್ಲಿ ಕೆಲವರಿಗೆ ಈ ಬರವಣಿಗೆಯೇ ಬೇಡವಾಗಿದೆ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಮೂರು, ಅವುಗಳ ಹಿಂದಿನ ಅಳುಕು ಒಂದೇ. ಗೊತ್ತಿಲ್ಲದ್ದನ್ನು ಕಟ್ಟಿ ಬರೆದರೆ ಮುತ್ತಜ್ಜಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ ಎಂಬುದು. ಆಗಬಹುದು. ಆದರೆ ಆ ಅನ್ಯಾಯ ನಿಮ್ಮ ಕಾದಂಬರಿಯಿಂದಲೇ ಶುರುವಾಗಬೇಕಿಲ್ಲ. ‘ಮುಗ್ಧೆ’ ಎಂಬ ಒಂದು ಪದದಲ್ಲಿ ಅದು ಆಗಲೇ ನಡೆದಿರುವಂತೆ ಕಾಣುತ್ತದೆ. ಅಲ್ಲಿಗೆ ಬರುವ ಮೊದಲು ತಾರೀಖುಗಳನ್ನು ಸರಿಮಾಡಿಕೊಳ್ಳೋಣ. ಇಂಥ ಹಸ್ತಪ್ರತಿಗಳು ಎಡವುವುದು ಭಾವನೆಯಲ್ಲಲ್ಲ, ಲೆಕ್ಕದಲ್ಲಿ.

ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಹಾಗಾಗಿ ‘ಪ್ಲವಂಗ’ ಎಂದರೆ 1847, 1907, 1967 ಮೂರೂ ಆಗಬಹುದು. ಮಗಳು 1916ರಲ್ಲಿ ಹುಟ್ಟಿರುವುದರಿಂದ ನಿಮ್ಮ ಲಗ್ನಪತ್ರಿಕೆಯದು 1907. ವಿಕಾರಿ 1899, ಕಾಳಯುಕ್ತಿ 1918. ಸಂವತ್ಸರ ಯುಗಾದಿಗೆ ಶುರುವಾಗುತ್ತದೆ, ಜನವರಿಗಲ್ಲ. ಆದ್ದರಿಂದ ಮಾಘ, ಫಾಲ್ಗುಣದ ಘಟನೆಗಳಿಗೆ ಇಸವಿ ಸಾಮಾನ್ಯವಾಗಿ ಒಂದು ಮುಂದೆ ಹೋಗುತ್ತದೆ, ಪುಷ್ಯದವು ಎರಡು ಇಸವಿಗಳ ನಡುವೆ ಹಂಚಿಹೋಗುತ್ತವೆ. ನಿಮ್ಮ ಮೂರೂ ತಿಂಗಳುಗಳು ಶ್ರಾವಣ, ವೈಶಾಖ, ಕಾರ್ತಿಕ ಆಗಿರುವುದರಿಂದ ಈ ತೊಡಕು ಇಲ್ಲ. ಅಂದರೆ ಹುಟ್ಟು 1899ರ ಆಗಸ್ಟ್ ಆಸುಪಾಸು, ಮದುವೆ 1907ರ ಮೇ, ಗಂಡನ ಸಾವು 1918ರ ನವೆಂಬರ್ ಸುಮಾರಿಗೆ.

ಈಗ ಕಳೆಯಿರಿ. ಮದುವೆಯ ದಿನ ಮುತ್ತಜ್ಜಿಗೆ ಏಳು ವರ್ಷ ಒಂಬತ್ತು ತಿಂಗಳು. ಎಂಟು ತುಂಬಿರಲಿಲ್ಲ.

‘ಎಂಟಕ್ಕೇ ಮದುವೆ’ ಎಂದವರು ಸುಳ್ಳು ಹೇಳಿದರು ಎಂದು ತಿಳಿಯಬೇಡಿ. ನಮ್ಮ ಹಿರಿಯರು ವಯಸ್ಸನ್ನು ಎಣಿಸುತ್ತಿದ್ದುದು ನಡೆಯುವ ವರ್ಷದಿಂದ. ಏಳು ತುಂಬಿದ ಮಾರನೆಯ ದಿನದಿಂದಲೇ ಮಗು ‘ಎಂಟನೇ ವರ್ಷದ್ದು’. ಉಪನಯನಕ್ಕೆ ಗರ್ಭಾಷ್ಟಮ ಎಂದು ಹೊಟ್ಟೆಯಲ್ಲಿದ್ದ ತಿಂಗಳುಗಳನ್ನೂ ಸೇರಿಸುವ ಪದ್ಧತಿ ಇತ್ತಷ್ಟೆ. ಆ ಲೆಕ್ಕ ಹಿಡಿದರೆ ಮುತ್ತಜ್ಜಿಗೆ ಎಂಟೂವರೆ. ಇದರ ಮೇಲೆ ‘ಅಷ್ಟವರ್ಷಾ ಭವೇದ್ಗೌರೀ’ ಎಂಬ ಶ್ಲೋಕ ಎಲ್ಲರ ಬಾಯಲ್ಲಿತ್ತು: ಎಂಟಕ್ಕೆ ಗೌರಿ, ಒಂಬತ್ತಕ್ಕೆ ರೋಹಿಣಿ, ಹತ್ತಕ್ಕೆ ಕನ್ಯೆ. ಹಾಗಾಗಿ ‘ಎಂಟು’ ಎಂಬುದು ಎಷ್ಟೋ ಮನೆಗಳಲ್ಲಿ ವಯಸ್ಸಲ್ಲ, ರೂಢಿಯ ಮಾತು. ಏಳಾದರೂ ಎಂಟು, ಒಂಬತ್ತಾದರೂ ಎಂಟು. ಶ್ರಾವಣದ ಹುಟ್ಟಿಗೆ ಜಾತಕದ ಆಧಾರ ಇದೆಯೋ ಬರೀ ಬಾಯಿಮಾತೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕಥೆಯ ದೊಡ್ಡದೊಂದು ತಿರುವು ಈ ಮೂರು ತಿಂಗಳ ಮೇಲೆ ನಿಂತಿದೆ.

ಏಕೆಂದರೆ ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಶಿಶುವಿವಾಹ ತಡೆ ರೆಗ್ಯುಲೇಷನ್ ಬಂದಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲ. ಎಂಟು ವರ್ಷದೊಳಗಿನ ಹುಡುಗಿಯ ಮದುವೆ, ಮತ್ತು ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದು, ಇವೆರಡನ್ನು ಅದು ನಿಷೇಧಿಸಿತ್ತು. ಅಷ್ಟೇ. ಒಂಬತ್ತು, ಹತ್ತರ ಮದುವೆಗೆ ಯಾವ ಅಡ್ಡಿಯೂ ಇರಲಿಲ್ಲ. ಕೈ ಹಾಕುತ್ತಿದ್ದುದು ಮದುವೆ ಮಾಡಿಸಿದ ದೊಡ್ಡವರ ಮೇಲೆ, ಹುಡುಗಿಯ ಮೇಲಲ್ಲ.

ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪೆಂದರೆ ಮೈಸೂರಿನ ಪಾತ್ರಗಳ ಬಾಯಲ್ಲಿ ಶಾರದಾ ಕಾಯಿದೆಯ ಮಾತು. ಅದು 1929ರದ್ದು, 1930ರ ಏಪ್ರಿಲ್ 1ರಿಂದ ಜಾರಿ, ಹುಡುಗಿಗೆ 14, ಹುಡುಗನಿಗೆ 18. ಅನ್ವಯಿಸಿದ್ದು ಬ್ರಿಟಿಷ್ ಇಂಡಿಯಾಕ್ಕೆ, ಸಂಸ್ಥಾನಗಳಿಗಲ್ಲ. ಧಾರವಾಡ, ಬೆಳಗಾವಿ ಬೊಂಬಾಯಿಗೆ ಸೇರಿದ್ದವು. ಬಳ್ಳಾರಿ, ಮಂಗಳೂರು ಮದ್ರಾಸಿಗೆ. ಕಲಬುರ್ಗಿ, ರಾಯಚೂರು ನಿಜಾಮರಿಗೆ. ಕನ್ನಡ ಒಂದೇ, ಕಾನೂನು ಬೇರೆ ಬೇರೆ. ನಿಮಗೆ ಇದು ಬರೀ ಭೂಗೋಳವಲ್ಲ. ಆಗ ಮದುವೆ ಸಾಮಾನ್ಯವಾಗಿ ಹೆಣ್ಣಿನ ಮನೆಯಲ್ಲೇ ಆಗುತ್ತಿತ್ತು. ತುಮಕೂರು ಕಡೆಯವರಿಗೆ ಹಿಂದೂಪುರ, ಮಡಕಶಿರಾ ಕೂಗಳತೆಯ ಊರುಗಳು, ಎರಡೂ ಮದ್ರಾಸ್ ಪ್ರೆಸಿಡೆನ್ಸಿ. ಮುತ್ತಜ್ಜಿಯ ತವರು ಗಡಿಯ ಆಚೆಗಿದ್ದರೆ 1907ರಲ್ಲಿ ಅಲ್ಲಿ ಮದುವೆಗೆ ಕನಿಷ್ಠ ವಯಸ್ಸು ಎಂಬ ಕಾನೂನೇ ಇರಲಿಲ್ಲ. ಈಚೆಗಿದ್ದರೆ ಮೂರು ತಿಂಗಳು ಕಡಿಮೆ. ಲಗ್ನಪತ್ರಿಕೆಯಲ್ಲಿ ಊರಿನ ಹೆಸರನ್ನು ನೋಡಿ.

ನಿಮ್ಮ ಕುಟುಂಬವನ್ನು ಅಪರಾಧಿ ಎಂದು ಕಟಕಟೆಯಲ್ಲಿ ನಿಲ್ಲಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ವಯಸ್ಸನ್ನು ಬೆರಳಲ್ಲಿ ಎಣಿಸುವ ತಂದೆ ಒಬ್ಬ, ಜನನದ ದಾಖಲೆ ಕೇಳಬಹುದಾದ ಸರ್ಕಾರ ಒಂದು, ನಡುವೆ ಆ ದಾಖಲೆಯನ್ನು ಬರೆಯಬೇಕಾದ ಊರಿನ ಶ್ಯಾನುಭೋಗ. ಮುತ್ತಜ್ಜಿ ಮದುವೆಯ ಹಿಂದಿನ ದಿನ ‘ನಿನಗೆಷ್ಟು ವರ್ಷ ಮಗು?’ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು ಎಂಬುದನ್ನು ಕಲಿತಿದ್ದಳೇ? ಹಾಗೆ ಕಲಿತಿದ್ದರೆ ಆ ದೃಶ್ಯ ನಿಮ್ಮ ಕಾದಂಬರಿಯ ಮೊದಲ ಅಧ್ಯಾಯ.

ಎಂಟಕ್ಕೇ ಸಂಸಾರ ಎಂದು ಬರೆಯಬೇಡಿ. ಮದುವೆ ಬೇರೆ, ಪ್ರಸ್ತ, ಅಂದರೆ ಗಂಡಹೆಂಡಿರನ್ನು ಮೊದಲ ಬಾರಿ ಕೂಡಿಸುವ ಶಾಸ್ತ್ರ, ಬೇರೆ. ಹುಡುಗಿ ಮೈನೆರೆದ ಮೇಲೆ ಮುಹೂರ್ತ ನೋಡಿ ಪ್ರಸ್ತ ಮಾಡಿ, ಆಮೇಲೆ ಗಂಡನ ಮನೆಗೆ ಕಳಿಸುವುದು ರೂಢಿ. ಅಲ್ಲಿಯವರೆಗೆ ತವರಲ್ಲೇ. ಮಗಳು ಹುಟ್ಟಿದ್ದು 1916ರಲ್ಲಿ, ಮುತ್ತಜ್ಜಿಗೆ ಹದಿನಾರು–ಹದಿನೇಳರಲ್ಲಿ. ಹಾಗಾಗಿ ಪ್ರಸ್ತ 1912ರಿಂದ 1915ರ ನಡುವೆ ಎಲ್ಲೋ ಆಗಿದೆ. ಮದುವೆಗೂ ಸಂಸಾರಕ್ಕೂ ನಡುವೆ ಐದರಿಂದ ಎಂಟು ವರ್ಷಗಳಿವೆ, ಇದನ್ನು ಬಹುತೇಕ ಕಾದಂಬರಿಗಳು ಒಂದೇ ಸಾಲಿನಲ್ಲಿ ಹಾರಿಬಿಡುತ್ತವೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ತಿರುಳಿರುವ ಭಾಗ ಇನ್ನೊಂದಿಲ್ಲ. ಕೊರಳಲ್ಲಿ ತಾಳಿ, ಕೈಯಲ್ಲಿ ಕುಂಟೆಬಿಲ್ಲೆ. ಮದುವೆಯಾದ ಮೇಲೆ ಐದು ವರ್ಷ ಶ್ರಾವಣದ ಮಂಗಳವಾರಗಳಲ್ಲಿ ಮಂಗಳಗೌರಿ ವ್ರತ, ಭಾದ್ರಪದದಲ್ಲಿ ಗೌರಿಯ ಬಾಗಿನ, ಹಬ್ಬಕ್ಕೆ ಅತ್ತೆಮನೆಗೆ ಹೋಗಿ ಬರುವುದು. ವರ್ಷಕ್ಕೆ ನಾಲ್ಕೈದು ಸಲ ಆ ಮನೆಯ ಅಡಿಗೆಮನೆ, ಬಾವಿಕಟ್ಟೆ, ಅತ್ತೆಯ ಗದರಿಕೆಯ ದನಿ, ಅಣ್ಣಂದಿರ ಹೆಂಡಿರ ಮುಖ ಎಲ್ಲವನ್ನೂ ಕಂಡು ಬರುತ್ತಿದ್ದ ಹುಡುಗಿ ಆಕೆ. ಹದಿಮೂರಕ್ಕೋ ಹದಿನಾರಕ್ಕೋ ಗಂಡನ ಮನೆಗೆ ಹೊರಟಾಗ ಆ ಮನೆ ಆಕೆಗೆ ಅಪರಿಚಿತವಾಗಿರಲಿಲ್ಲ.

ಹಾಗೆಂದು ಪ್ರಸ್ತದ ರೂಢಿ ಎಲ್ಲ ಹುಡುಗಿಯರನ್ನೂ ಕಾಪಾಡಿತು ಎಂದುಕೊಂಡರೆ ಅದೂ ತಪ್ಪು. 1890ರಲ್ಲಿ ಕಲ್ಕತ್ತಾದಲ್ಲಿ ವಿಚಾರಣೆಗೆ ಬಂದ ಫೂಲ್‌ಮಣಿ ದಾಸಿಯ ಪ್ರಕರಣದಲ್ಲಿ ಹತ್ತು–ಹನ್ನೊಂದರ ಆ ಹುಡುಗಿ ಗಂಡನಿಂದಲೇ ಸತ್ತಿದ್ದಳು. ಮರುವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಸಮ್ಮತಿಯ ವಯಸ್ಸು 10ರಿಂದ 12ಕ್ಕೆ ಏರಿದ್ದರ ಹಿಂದೆ ಆ ಸಾವೂ ಇತ್ತು. ನಿಮ್ಮ ಮನೆಯಲ್ಲಿ ಹಾಗಾಯಿತು ಎನ್ನಲು ಆಧಾರವಿಲ್ಲ. ಆಗಲಿಲ್ಲ ಎಂದು ಮಂಗಳ ಹಾಡಲೂ ಆಧಾರವಿಲ್ಲ.

ಇನ್ನೊಂದು ಎಚ್ಚರ. ಇದೆಲ್ಲ ಬ್ರಾಹ್ಮಣ ಮನೆಗಳ ಮಾತು. ಹೊಲದಲ್ಲಿ ದುಡಿಯುವ ಎಷ್ಟೋ ಜಾತಿಗಳಲ್ಲಿ ಹೆಣ್ಣಿಗೆ ತೆರ ಕೊಟ್ಟು ತರುತ್ತಿದ್ದರು, ಗಂಡ ಸತ್ತರೆ ಕೂಡಿಕೆ ಅಥವಾ ಉಡಿಕೆ ಎಂಬ ಮರುಮದುವೆಗೂ ದಾರಿಯಿತ್ತು. ಕಾದಂಬರಿಯಲ್ಲಿ ಒಕ್ಕಲಿನ ಮನೆಯ ಹೆಂಗಸು ಬಂದರೆ ಆಕೆಗೂ ಮುತ್ತಜ್ಜಿಯ ದುಃಖವನ್ನೇ ತೊಡಿಸಬೇಡಿ. ಬಹುಶಃ ಆಕೆ ಮುತ್ತಜ್ಜಿಯನ್ನು ನೋಡಿ ಅಯ್ಯೋ ಎಂದಿರುತ್ತಾಳೆ.

ಪ್ಲೇಗಿನ ವಿಚಾರ. 1918ರ ನವೆಂಬರ್ ಎಂದ ಕೂಡಲೇ ಇನ್‌ಫ್ಲುಯೆಂಜಾ ಎಂದು ಸಂಶಯ ಬರಬೇಕು. ಆ ಜ್ವರ ಜೂನ್‌ನಲ್ಲಿ ಬೊಂಬಾಯಿಗೆ ಬಂತು. ಕೊಲ್ಲುವ ಅಲೆ ಬಂದಿದ್ದು ಸೆಪ್ಟೆಂಬರಿನ ನಂತರ, ಮತ್ತು ಅದು ಹೆಚ್ಚಾಗಿ ಎತ್ತಿದ್ದು ಇಪ್ಪತ್ತರಿಂದ ನಲವತ್ತರವರನ್ನು. ಪ್ಲೇಗು ಬೆಂಗಳೂರಿಗೆ 1898ರಲ್ಲಿ ಕಾಲಿಟ್ಟ ಮೇಲೆ ಎರಡು ದಶಕ ಮತ್ತೆ ಮತ್ತೆ ಬಂದದ್ದರಿಂದ ಕುಟುಂಬದ ನೆನಪಿನಲ್ಲಿ ಎಲ್ಲ ಪಿಡುಗೂ ‘ಪ್ಲೇಗು’ ಆಗಿಬಿಡುತ್ತದೆ. ಬೇರ್ಪಡಿಸುವ ಗುರುತುಗಳಿವೆ. ಇಲಿ ಬಿದ್ದವು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು, ತೊಡೆಸಂದಿಯಲ್ಲೋ ಕಂಕುಳಲ್ಲೋ ಗೆಡ್ಡೆ ಎದ್ದಿತು ಎಂದರೆ ಪ್ಲೇಗು. ಮನೆಯವರೆಲ್ಲ ಒಟ್ಟಿಗೆ ಮಲಗಿದರು, ನೀರು ಕೊಡುವವರಿರಲಿಲ್ಲ, ನಾಲ್ಕೈದು ದಿನದ ಜ್ವರ, ಕೆಮ್ಮು, ಉಸಿರು ಕಟ್ಟಿತು ಎಂದರೆ ಇನ್‌ಫ್ಲುಯೆಂಜಾ. ಸರ್ಕಾರಿ ಮರಣ ದಾಖಲೆ ಸಿಕ್ಕರೂ ಬಹುತೇಕ ‘ಜ್ವರ’ ಎಂದಷ್ಟೇ ಇರುತ್ತದೆ, ಅದರ ಮೇಲೆ ಭಾರ ಹಾಕಬೇಡಿ. ವ್ಯತ್ಯಾಸ ಏಕೆ ಮುಖ್ಯ? ಪ್ಲೇಗಿನಲ್ಲಿ ಊರೊಂದು ಮನೆ ಬಿಟ್ಟು ಹೊರಡುತ್ತದೆ. ಈ ಜ್ವರದಲ್ಲಿ ಹೊರಡುವ ಶಕ್ತಿ ಯಾರಿಗೂ ಇರಲಿಲ್ಲ. ಎರಡು ವರ್ಷದ ಮಗುವನ್ನಿಟ್ಟುಕೊಂಡ ಹತ್ತೊಂಬತ್ತರ ಹೆಂಗಸು ತಾನೂ ಜ್ವರದಲ್ಲಿದ್ದಿರಬಹುದು. ಗಂಡ ಹೋದದ್ದು ಆಕೆಗೆ ತಿಳಿದದ್ದೇ ಎರಡು ದಿನ ಬಿಟ್ಟು ಎಂದಾದರೆ ದೃಶ್ಯವೇ ಬದಲಾಗುತ್ತದೆ.

ತಲೆ ತೆಗೆಸುವ ವಿಷಯದಲ್ಲಿ ನಿಮ್ಮ ಹಿರಿಯರು ಇಬ್ಬರೂ ನಿಜ ಹೇಳುತ್ತಿರಬಹುದು. ಹತ್ತನೆಯ ದಿನ ಬಳೆ, ಕುಂಕುಮ, ತಾಳಿ ಹೋಗುತ್ತಿದ್ದವು. ಕೂದಲಿನದು ಮನೆಯಿಂದ ಮನೆಗೆ ಬೇರೆ. ಚಿಕ್ಕ ವಯಸ್ಸಿನವರಿಗೆ ‘ಈಗಲೇ ಬೇಡ’ ಎಂದು ಮುಂದೂಡಿ, ವರ್ಷಗಳ ನಂತರ ತಿರುಪತಿಯಲ್ಲೋ ಪ್ರಯಾಗದಲ್ಲೋ ಮಾಡಿಸಿದ್ದುಂಟು. ಕೊನೆಯವರೆಗೂ ಸಕೇಶಿಯಾಗಿಯೇ ಉಳಿದವರುಂಟು. 1925ರಲ್ಲಿ ಕಂಡವರ ಮಾತು, 1950ರಲ್ಲಿ ಕಂಡವರ ಮಾತು ಬೇರೆ ಬೇರೆಯಾಗಿದ್ದರೆ ಆಶ್ಚರ್ಯವಿಲ್ಲ. ಯಾವ ಇಸವಿಯ ಮುತ್ತಜ್ಜಿಯ ಬಗ್ಗೆ ಹೇಳುತ್ತಿದ್ದಾರೆ ಎಂದು ಕೇಳಿದರೆ ಅರ್ಧ ಜಗಳ ಮುಗಿಯುತ್ತದೆ.

ಸೀರೆಗೆ ಬಣ್ಣ ಹಚ್ಚುವಾಗ ಸಿನಿಮಾ ನೋಡಿ ಬಿಳಿ ಎನ್ನಬೇಡಿ. ಕರ್ನಾಟಕದ ಎಷ್ಟೋ ಬ್ರಾಹ್ಮಣ ಮನೆಗಳಲ್ಲಿ ಮಡಿ ಹೆಂಗಸರು, ಅಂದರೆ ತಲೆ ತೆಗೆಸಿದ ವಿಧವೆಯರು, ಉಡುತ್ತಿದ್ದುದು ಅಂಚಿಲ್ಲದ ಕೆಂಪು ಸೀರೆ. ಫೋಟೊವನ್ನು ಮತ್ತೆ ನೋಡಿ. ಹಳೆಯ ಕಾಲದ ಬಹಳಷ್ಟು ಪ್ಲೇಟು, ಫಿಲಮುಗಳಿಗೆ ಕೆಂಪು ಬಣ್ಣ ತಟ್ಟುತ್ತಿರಲಿಲ್ಲ, ಕೆಂಪು ಇದ್ದಲ್ಲಿ ಚಿತ್ರದಲ್ಲಿ ಕಪ್ಪಾಗುತ್ತಿತ್ತು. ಸೀರೆ ತೀರಾ ಕಪ್ಪಾಗಿ ಕಂಡರೆ ಕೆಂಪಿರಬಹುದು. ತೆಳು ಬೂದು ಇದ್ದರೆ ಖಚಿತವಾಗಿ ಏನೂ ಹೇಳಲಾಗದು. ಸೆರಗಿನ ಕೆಳಗೆ ಕೂದಲಿತ್ತೇ ಎಂಬುದನ್ನು ಫೋಟೊ ಹೇಳಲಾರದು.

ಈಗ ಆ ಎರಡು ಎಕರೆ. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಸಂಗತಿ ಇದು, ನೀವು ಮಾತ್ರ ಅದನ್ನು ದಾಟಿಕೊಂಡು ಹೋಗಿದ್ದೀರಿ.

ಹಳೆಯ ಹಿಂದೂ ನ್ಯಾಯದ ಪ್ರಕಾರ ಅವಿಭಕ್ತ ಕುಟುಂಬದಲ್ಲಿ ಗಂಡುಮಕ್ಕಳಿಲ್ಲದೆ ಸತ್ತವನ ಪಾಲು ಉಳಿದ ದಾಯಾದಿಗಳಿಗೆ ಹೋಗುತ್ತಿತ್ತು; ವಿಧವೆಗೆ ಅನ್ನ–ಬಟ್ಟೆಯ ಹಕ್ಕು, ಅಂದರೆ ಜೀವನಾಂಶ ಮಾತ್ರ. 1918ರಲ್ಲಿ ನಿಮ್ಮ ಮುತ್ತಜ್ಜಿಯ ಸ್ಥಿತಿ ಇದೇ. ಆದರೆ ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದಿತು, ಆ ವರ್ಷದ 10ನೇ ಆಕ್ಟ್. ಬ್ರಿಟಿಷ್ ಇಂಡಿಯಾ ಅಂಥದ್ದನ್ನು ಮಾಡಿದ್ದು 1937ರಲ್ಲಿ. ಮೈಸೂರಿನ ಕಾಯಿದೆಯ 8ನೇ ಕಲಂ ಪ್ರಕಾರ ಅಣ್ಣತಮ್ಮಂದಿರು ಭಾಗವಾಗುವಾಗ, ಅದಕ್ಕೆ ಮೊದಲೇ ಗಂಡುಸಂತಾನವಿಲ್ಲದೆ ತೀರಿಕೊಂಡ ಅವಿಭಕ್ತ ಸಹೋದರನ ವಿಧವೆಗೂ ಮದುವೆಯಾಗದ ಮಗಳಿಗೂ ಪಾಲಿದೆ. ವಿಧವೆಯ ಪಾಲು ಗಂಡ ಬದುಕಿದ್ದರೆ ಬರುತ್ತಿದ್ದುದರ ಅರ್ಧ.

24 ಎಕರೆ, ಮೂವರು ಸಹೋದರರು. ಗಂಡನಿಗೆ ಬರಬೇಕಿದ್ದದ್ದು 8. ಅದರ ಅರ್ಧ 4. ಪತ್ರದಲ್ಲಿರುವುದು 2. ಭಾಗವಾದದ್ದು 1934, ಕಾಯಿದೆಯ ಬೆನ್ನಿಗೇ. ಗಂಡ ತೀರಿದ್ದು ಕಾಯಿದೆಗೆ ಮೊದಲು, ಹಾಗಾಗಿ ಇದು ಅನ್ವಯಿಸದು ಎಂದು ವಾದ ಹೂಡಲು ಅಣ್ಣಂದಿರಿಗೆ ಜಾಗವಿತ್ತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಹದಿನಾರು ವರ್ಷ ಒಟ್ಟಿಗಿದ್ದ ಮನೆ ಕಾಯಿದೆ ಬಂದ ಹೊತ್ತಿಗೇ ಒಡೆದದ್ದು ಏಕೆ, ಆಗ ಹದಿನೆಂಟರ ನಿಮ್ಮ ಅಜ್ಜಿಗೆ ಮದುವೆಯಾಗಿತ್ತೇ ಎಂದು ಕೇಳಲೇಬೇಕು. ಮದುವೆಯಾಗದಿದ್ದರೆ ಅವರಿಗೂ ಪ್ರತ್ಯೇಕ ಪಾಲು ಬರಬೇಕಿತ್ತು.

ಹಾಗಾಗಿ ಆ ವಿಭಾಗ ಪತ್ರದ ದೃಢೀಕೃತ ನಕಲನ್ನು ತೆಗೆಸಿ. ಮನೆಯಲ್ಲಿರುವ ಪ್ರತಿಯನ್ನೇ ನಂಬಬೇಡಿ, ಹಾಳೆ ಕಳೆದಿರುತ್ತದೆ. ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕದಲ್ಲಿ ಇರುತ್ತದೆ. ಇಸವಿ, ಗ್ರಾಮ, ಸರ್ವೆ ನಂಬರು, ಅಣ್ಣಂದಿರ ಹೆಸರು ಕೊಟ್ಟು ಹುಡುಕಿಸಬೇಕು. ಮುತ್ತಜ್ಜಿಯ ಹೆಸರಿನಲ್ಲಿ ಮಾತ್ರ ಹುಡುಕಿದರೆ ಕೈತಪ್ಪುವ ಸಂಭವ ಹೆಚ್ಚು, ಏಕೆಂದರೆ ತವರಿನ ಹೆಸರು ಒಂದು, ಗಂಡನ ಮನೆಯಲ್ಲಿಟ್ಟ ಹೆಸರು ಇನ್ನೊಂದು ಇರುತ್ತಿತ್ತು. ಪತ್ರದಲ್ಲಿ ‘ಇಂಥವರು ಕೋಂ ಲೇಟ್ ಇಂಥವರು’ ಎಂದಿರುತ್ತದೆ, ಅಂದರೆ ತೀರಿಕೊಂಡ ಇಂಥವರ ಹೆಂಡತಿ. ಸಿಕ್ಕ ಮೇಲೆ ನಾಲ್ಕು ಕಡೆ ಕಣ್ಣಿಡಿ. ಎರಡು ಎಕರೆಯನ್ನು ‘ಪಾಲು’ ಎಂದು ಕೊಟ್ಟಿದ್ದಾರೋ ‘ಜೀವನಾಂಶಕ್ಕಾಗಿ’ ಎಂದೋ. ‘ಜೀವಿತಾವಧಿಯವರೆಗೆ ಅನುಭವಿಸಿಕೊಂಡು, ಪರಭಾರೆ ಮಾಡಕೂಡದು’ ಎಂಬ ಒಕ್ಕಣೆ ಇದೆಯೋ. ಸಾಕ್ಷಿ ಹಾಕಿದವರಲ್ಲಿ ಆಕೆಯ ತವರಿನವರು ಯಾರಾದರೂ ಇದ್ದಾರೋ, ಎಲ್ಲರೂ ಅಣ್ಣಂದಿರ ಕಡೆಯವರೇ ಆಗಿದ್ದಾರೋ. ಕೊನೆಗೆ ಬಿಕ್ಕಲಂ, ಅಂದರೆ ಪತ್ರ ಬರೆದವರು ಯಾರು, ಮತ್ತು ‘ಓದಿ ಹೇಳಿಸಿ ಕೇಳಿ ಒಪ್ಪಿ’ ಎಂಬ ಮಾತು ಇದೆಯೋ ಇಲ್ಲವೋ. ಹೆಬ್ಬೆಟ್ಟು ಇದ್ದ ಮಾತ್ರಕ್ಕೆ ಆಕೆಗೆ ಓದಲು ಬರುತ್ತಿರಲಿಲ್ಲ ಎಂದಾಗುವುದಿಲ್ಲ. ಆ ಕಾಲದಲ್ಲಿ ಅಕ್ಷರ ಕೂಡಿಸಿಕೊಂಡು ಓದಬಲ್ಲ, ಆದರೆ ಲೇಖನಿ ಹಿಡಿಯದ ಹೆಂಗಸರು ಬೇಕಾದಷ್ಟಿದ್ದರು. ಟ್ರಂಕಿನಲ್ಲಿ ಹಾಡಿನ ಪುಸ್ತಕವೇನಾದರೂ ಇದೆಯೇ ನೋಡಿ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಂ ಹೆಂಗಸಿನ ಸೀಮಿತ ಹಕ್ಕನ್ನು ಪೂರ್ಣ ಹಕ್ಕಾಗಿಸಿತು. ಜೀವನಾಂಶಕ್ಕೆ ಬದಲಾಗಿ ಕೊಟ್ಟ ಆಸ್ತಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಹೇಳಿತು. ಮುತ್ತಜ್ಜಿ 1971ರವರೆಗೆ ಇದ್ದರು. ಆ ಎರಡು ಎಕರೆ ಆಮೇಲೆ ಯಾರ ಹೆಸರಿಗೆ ಹೋಯಿತು ಎಂಬುದು ಪಹಣಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಕೆಲವರಿಗೆ ಬರವಣಿಗೆ ಬೇಡವಾಗಿರುವುದರ ಕಾರಣವೂ ಅಲ್ಲಿ ಸಿಕ್ಕೀತು! ದಾವೆಯ ಆಲೋಚನೆ ಬಂದರೆ ಅದು ವಕೀಲರ ಕೆಲಸ. ಕಾದಂಬರಿಯನ್ನು ದಾವೆಯ ಅರ್ಜಿಯಾಗಿ ಬರೆದರೆ ಎರಡೂ ಕೆಡುತ್ತವೆ.

‘ಮುಗ್ಧೆ’ ಎಂಬ ಪದಕ್ಕೆ ಬಂದೆವು. ಏಳೂಮುಕ್ಕಾಲರ ಹುಡುಗಿಗೆ ಅದು ಸಲ್ಲುತ್ತದೆ. 1934ರಲ್ಲಿ ಆಕೆಗೆ ಮೂವತ್ತೈದು. ಹದಿನಾರು ವರ್ಷ ಆ ಮನೆಯ ಕಣಜ ಕಂಡವಳು, ಗೇಣಿಯ ರಾಗಿ ಎಷ್ಟು ಬಂತೆಂದು ಅಳೆದವಳು, ಮಗಳನ್ನು ಬೆಳೆಸಿದವಳು. ಆಕೆಗೆ ಏನೂ ತಿಳಿಯುತ್ತಿರಲಿಲ್ಲ ಎಂಬ ಮಾತು ಯಾರ ಅನುಕೂಲಕ್ಕೆ ಹುಟ್ಟಿತು? ತಿಳಿದೂ ಹೆಬ್ಬೆಟ್ಟು ಒತ್ತಿರಬಹುದು: ಮಗಳ ಮದುವೆ ಇನ್ನೂ ಆಗಬೇಕಿದ್ದರೆ, ಗಂಡನ ಅಣ್ಣಂದಿರ ಮುನಿಸು ಕಟ್ಟಿಕೊಂಡರೆ ಧಾರೆ ಎರೆಯುವವರಿರಲಿಲ್ಲ, ತವರಿನಲ್ಲಿ ತಂದೆ ಇದ್ದರೋ ಇಲ್ಲವೋ. ಉಳಿದ ಎರಡು ಎಕರೆ ಬಿಟ್ಟುಕೊಟ್ಟು ಏನನ್ನಾದರೂ ಕೊಂಡಿರಬಹುದು. ‘ಬಾಲವಿಧವೆ ಎಂದರೆ ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುವವಳು’ ಎಂಬುದೂ ಇಂಥದೇ ಸಿದ್ಧಮಾತು. ಲೇಖಕಿ ನಂಜನಗೂಡು ತಿರುಮಲಾಂಬಾ ಹದಿನಾಲ್ಕರಲ್ಲಿ ವಿಧವೆಯಾದವರು. 1913ರಿಂದ ಗ್ರಂಥಮಾಲೆ ನಡೆಸಿದರು, ಪತ್ರಿಕೆ ತಂದರು. ಎಲ್ಲರೂ ಹಾಗಿರಲಿಲ್ಲ, ನಿಜ. ಎಲ್ಲರೂ ಹೀಗೂ ಇರಲಿಲ್ಲ.

ಬರೆಯುವ ವಿಧಾನಕ್ಕೆ ಒಂದು ದೊಡ್ಡ ಹಾಳೆ ಸಾಕು. ಎಡಕ್ಕೆ ಇಸವಿ, ಪಕ್ಕದಲ್ಲಿ ಮುತ್ತಜ್ಜಿಯ ವಯಸ್ಸು: 1907, ಏಳು, 1912–15, ಹದಿಮೂರರಿಂದ ಹದಿನಾರು, 1916, ಹದಿನಾರು–ಹದಿನೇಳು, 1918, ಹತ್ತೊಂಬತ್ತು, 1934, ಮೂವತ್ತೈದು ಆಸುಪಾಸು, 1956, ಐವತ್ತಾರು–ಐವತ್ತೇಳು, 1971, ಎಪ್ಪತ್ತೊಂದು–ಎಪ್ಪತ್ತೆರಡು. ಮೂರನೆಯ ಕಾಲಂನಲ್ಲಿ ಆ ವಯಸ್ಸಿಗೆ ಆಕೆಗೆ ಗೊತ್ತಿರಲೇಬೇಕಾದದ್ದು, ನಾಲ್ಕನೆಯದರಲ್ಲಿ ಗೊತ್ತಿರಲು ಸಾಧ್ಯವೇ ಇಲ್ಲದ್ದು, ಐದನೆಯದರಲ್ಲಿ ಆಧಾರ: ಪತ್ರ, ಕಂಡದ್ದು, ಕೇಳಿದ್ದು, ನನ್ನ ಊಹೆ. ಏಳರ ಹುಡುಗಿಗೆ ಐದು ದಿನದ ಮದುವೆಯಲ್ಲಿ ಹೋಮದ ಹೊಗೆ ಗೊತ್ತು, ಉರುಟಣೆಯ ಆಟ ಗೊತ್ತು, ರಾತ್ರಿಯ ಮುಹೂರ್ತವಾದರೆ ನಿದ್ದೆ ತಡೆಯದ ಕಷ್ಟ ಗೊತ್ತು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಹಿಗ್ಗು ಗೊತ್ತು. ಆ ಹಿಗ್ಗನ್ನು ಬಿಡಬೇಡಿ. ಮುಂದೇನಾಗುತ್ತದೆಂದು ನಿಮಗೆ ಗೊತ್ತಿರುವುದರಿಂದ ಮಂಟಪದಲ್ಲೇ ಅಳು ತುಂಬುವುದು ಬರೆಯುವವರೆಲ್ಲ ಮಾಡುವ ತಪ್ಪು.

ಹಿನ್ನೆಲೆಯ ಸಾಮಾನು ಸರಂಜಾಮು ಬೇಗ ಹೇಳಿಬಿಡುತ್ತೇನೆ. ತುಮಕೂರಿಗೆ 1884ರಲ್ಲೇ ರೈಲು ಇತ್ತು, ದಿಬ್ಬಣ ಒಂದಷ್ಟು ದೂರ ರೈಲಿನಲ್ಲೂ ಉಳಿದದ್ದು ಗಾಡಿಯಲ್ಲೂ ಬರಬಹುದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ನಿಮ್ಮ ಹಳ್ಳಿಯಲ್ಲಿ ಹರಳೆಣ್ಣೆ, ಸೀಮೆಎಣ್ಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. 1957ಕ್ಕೆ ಮೊದಲು ‘ಐವತ್ತು ಪೈಸೆ’ ಎಂದು ಯಾರಾದರೂ ಅಂದರೆ ಕಥೆ ಅಲ್ಲೇ ಮುಗಿಯಿತು. ಜನಗಣತಿಯಲ್ಲಿ ಮುತ್ತಜ್ಜಿಯ ಹೆಸರು ಹುಡುಕಲು ಹೋಗಬೇಡಿ, ಮನೆವಾರು ಪಟ್ಟಿಗಳನ್ನು ಉಳಿಸಿಲ್ಲ, ಒಟ್ಟು ಅಂಕಿಗಳು ಮಾತ್ರ ಇವೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಹೆಸರು ಸಹಿತ ಕುಟುಂಬ ಚರಿತ್ರೆ ಬರೆಯಬಹುದು. ಆಗ ಗೊತ್ತಿಲ್ಲದ ಕಡೆ ಸುಮ್ಮನಿರಬೇಕಾಗುತ್ತದೆ, ಪುಸ್ತಕ ತೆಳುವಾಗುತ್ತದೆ, ಮತ್ತು ಅಣ್ಣಂದಿರ ಕಡೆಯವರ ಆಕ್ಷೇಪ ನೇರವಾಗಿ ಬರುತ್ತದೆ. ಹೆಸರು, ಊರು ಬದಲಿಸಿ ಕಾದಂಬರಿ ಮಾಡಬಹುದು; ಸ್ವಾತಂತ್ರ್ಯ ಹೆಚ್ಚು, ಆದರೆ ಎರಡು ಎಕರೆಯ ಪತ್ರಕ್ಕಿರುವ ತೂಕ ಕರಗುತ್ತದೆ, ಓದುಗರು ಅದನ್ನು ನೀವು ಕಟ್ಟಿದ್ದು ಎಂದೇ ಓದುತ್ತಾರೆ. ಮೂರನೆಯದು ಬೆರಕೆ: ಅಧ್ಯಾಯದ ತಲೆಗೆ ದಾಖಲೆ ಇದ್ದ ಹಾಗೆಯೇ, ಕೆಳಗೆ ನಿಮ್ಮ ಕಲ್ಪನೆ, ಎರಡರ ಗಡಿ ಓದುಗರಿಗೆ ಕಾಣುವಂತೆ. ನಿಮ್ಮಲ್ಲಿರುವ ಸಾಮಗ್ರಿಗೆ ನಾನು ಇದನ್ನೇ ಹೇಳುತ್ತೇನೆ. ಕಷ್ಟ ಇರುವುದು ಇಲ್ಲಿ: ಊಹೆ ಚೆನ್ನಾಗಿ ಬಂದಂತೆಲ್ಲ ಗಡಿಯನ್ನು ಅಳಿಸುವ ಆಸೆ ಬರುತ್ತದೆ.

ಕಾನೂನಿನ ಅಪಾಯ ಸಣ್ಣದು, ಇಲ್ಲವೆನ್ನುವಂತಿಲ್ಲ. ಸತ್ತವರ ಮೇಲಿನ ಆರೋಪವೂ ಮಾನನಷ್ಟವಾಗಬಹುದು, ಬದುಕಿರುವ ಹತ್ತಿರದವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ; ಹಿಂದೆ ದಂಡಸಂಹಿತೆಯ 499, ಈಗ ಭಾರತೀಯ ನ್ಯಾಯ ಸಂಹಿತೆಯ 356. ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಎಂಬ ಸಾಲು, ಗುರುತು ಹಿಡಿಯುವಂತಿದ್ದರೆ, ರಕ್ಷಣೆ ಕೊಡುವುದಿಲ್ಲ. ‘ಮೋಸ ಮಾಡಿದರು’ ಎಂದು ಬರೆಯುವ ಬದಲು 24, 8, 4, 2 ಎಂಬ ಅಂಕಿಗಳನ್ನು ಇಟ್ಟುಬಿಡಿ. ಹಳೆಯ ಕಾಗದಗಳನ್ನು ಇಡಿಯಾಗಿ ಅಚ್ಚು ಹಾಕುವುದಾದರೆ ಕಾಗದ ನಿಮ್ಮ ಕೈಯಲ್ಲಿದ್ದರೂ ಬರಹದ ಹಕ್ಕು ಬರೆದವರ ವಾರಸುದಾರರದು ಎಂಬುದೂ ನೆನಪಿರಲಿ.

ಇಷ್ಟೆಲ್ಲಕ್ಕೂ ಮೊದಲು ದೊಡ್ಡಮ್ಮನ ಹತ್ತಿರ ಹೋಗಿ. ಕಚೇರಿಯ ಪುಸ್ತಕ ಇನ್ನೆರಡು ತಿಂಗಳು ಕಾಯುತ್ತದೆ. ಮುತ್ತಜ್ಜಿ ತೀರಿಕೊಂಡಾಗ ಅವರಿಗೆ ಮೂವತ್ತರ ಮೇಲಾಗಿತ್ತು, ಅಂದರೆ ಅವರು ಕೇಳಿ ಹೇಳುವವರಲ್ಲ, ಕಂಡವರು. ಒಬ್ಬರೇ ಇರುವಾಗ ಹೋಗಿ, ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಬೇಡಿ, ಅನುಮತಿ ಕೇಳಿ ದನಿ ಮುದ್ರಿಸಿಕೊಳ್ಳಿ, ಫೋಟೊ ಜೊತೆಗಿರಲಿ. ‘ಮುತ್ತಜ್ಜಿ ದುಃಖದಲ್ಲಿದ್ದರಾ?’ ಎಂದು ಕೇಳಿದರೆ ‘ಹೂಂ, ಪಾಪ’ ಎಂದಷ್ಟೇ ಬರುತ್ತದೆ. ಸೀರೆಯ ಬಣ್ಣ ಏನು, ಮಡಿ ಬಟ್ಟೆಯನ್ನು ಎಲ್ಲಿ ಹರವುತ್ತಿದ್ದರು, ರಾತ್ರಿ ಮಲಗುತ್ತಿದ್ದುದು ಯಾವ ಕೋಣೆಯಲ್ಲಿ, ಟ್ರಂಕಿನ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು, ಗೌರಿ ಹಬ್ಬದ ದಿನ ಹೆಂಗಸರು ಅರಿಸಿನ–ಕುಂಕುಮಕ್ಕೆ ಬಂದಾಗ ಆಕೆ ಮನೆಯ ಯಾವ ಕಡೆ ಇರುತ್ತಿದ್ದರು, ಆ ಎರಡು ಎಕರೆಯ ಗೇಣಿಯನ್ನು ರೈತ ಯಾರ ಕೈಗೆ ಕೊಡುತ್ತಿದ್ದ, ಮತ್ತು ಅದನ್ನು ಅಳೆಯುವಾಗ ಆಕೆ ಹತ್ತಿರ ನಿಂತಿರುತ್ತಿದ್ದರೇ ಎಂದು ಕೇಳಿ.